ಅಯ್ಯನವರಿಗೆ ಮೊದಲ ಸಹಿ

ಮಸ್ಕಿ
9 ಡಿಸೆಂಬರ್ 2025, ಮಂಗಳವಾರ

ಚಿ. ಸೌ. ಭಾಗ್ಯಶ್ರೀಗೆ,

ಮಸ್ಕಿಯಿಂದ ನಿನ್ನ ಅವ್ವನ ಆಶೀರ್ವಾದ. ನಾನು ಕ್ಷೇಮ ಅಂತ ಬರೆಯುವುದು ವಾಡಿಕೆ, ಬರೆದಿದ್ದೇನೆ ಅಂತ ತಿಳಿದುಕೋ. ನೀನೂ ನಿನ್ನ ಮನೆಯವರೂ ಅತ್ತೆ-ಮಾವನವರೂ ಚೆನ್ನಾಗಿದ್ದೀರಿ ಅಂತ ನಂಬಿದ್ದೇನೆ.

ಫೋನ್ ಇರುವ ಕಾಲದಲ್ಲಿ ಅವ್ವ ಕಾಗದ ಬರೆದಳಲ್ಲ ಅಂತ ನಗಬೇಡ. ಗಣೇಶನ ಹಬ್ಬ ಆದಾಗಿನಿಂದ ನಿನ್ನ ನಂಬರಿಗೆ ಹಚ್ಚಿದರೆ ಯಾವುದೋ ಹೆಣ್ಣುದನಿ ಹೇಳಿದ್ದನ್ನೇ ಹೇಳುತ್ತದೆ. ಓಣಿಯಲ್ಲಿ ಕೇಳಿದವರಿಗೆ ಮಗಳ ಫೋನು ಕೆಟ್ಟಿದೆ ಅಂತ ಹೇಳಿಕೊಂಡು ಬಂದಿದ್ದೇನೆ. ಈ ಕಾಗದವನ್ನು ಆಟೋ ಚಾಂದ್‌ಪಾಷಾನ ಕೈಯಲ್ಲಿ ಕಳಿಸುತ್ತಿದ್ದೇನೆ. ಸಿಂಧನೂರಿನಲ್ಲಿ ಅವನ ಅಕ್ಕನ ಬಳೆ ಅಂಗಡಿಗೆ ನೀನು ಬರುವುದುಂಟಂತೆ, ಆಕೆ ಕೊಡುತ್ತಾಳೆ. ಓದಿ ಅಲ್ಲೇ ಇಟ್ಟು ಬಂದರೂ ಸರಿ.

ಚುನಾವಣೆಯಲ್ಲಿ ನಡೆದದ್ದನ್ನು ನಿಮ್ಮ ಮನೆಯಲ್ಲಿ ಬೇರೆ ತರಹ ಹೇಳಿರಬಹುದು. ಅದಕ್ಕೆ ಮೊದಲಿನಿಂದ ಬರೆಯುತ್ತೇನೆ.

ನಮ್ಮ ಪಕ್ಷದ ಜಿಲ್ಲಾ ಅಧ್ಯಕ್ಷರನ್ನು ಇಷ್ಟು ವರ್ಷ ಮೇಲಿನವರೇ ಹೆಸರಿಸುತ್ತಿದ್ದರು. ಈ ಸಲ ಕಾರ್ಯಕರ್ತರೇ ಓಟು ಹಾಕಿ ಆರಿಸಲಿ ಅಂದರು. ಲಿಂಗಸುಗೂರು, ಮಸ್ಕಿ, ಸಿಂಧನೂರು, ಈ ಮೂರು ತಾಲೂಕು ಸೇರಿ ಮೊದಲು ಒಬ್ಬ ಅಭ್ಯರ್ಥಿಯನ್ನು ಆರಿಸಬೇಕು, ಅವನು ರಾಯಚೂರಿಗೆ ಹೋಗಿ ಮುಂದಿನ ಕಣಕ್ಕೆ ನಿಲ್ಲಬೇಕು. ಒಂದೊಂದು ಭಾನುವಾರ ಒಂದೊಂದು ಊರಲ್ಲಿ ಓಟು. ನಿಮ್ಮ ಮನೆಯವರ ಮಾಲಕರು, ಸಿದ್ದಲಿಂಗೇಶ ಅವರು, ಅಂದೇ ನಿಂತರು. ಸಿಂಧನೂರಿನ ಅವರ ಅಕ್ಕಿ ಮಿಲ್ಲಿನ ಗೇಟಿನಿಂದ ಬಸ್‌ಸ್ಟ್ಯಾಂಡಿನವರೆಗೆ ಅವರ ಬ್ಯಾನರು ಬಿದ್ದವು. ಅವರೆದುರು ನಿಲ್ಲುತ್ತೇನೆ ಅಂದವರು ನಮ್ಮ ಕರಿಬಸಯ್ಯನವರು ಒಬ್ಬರೇ.

ಅಯ್ಯನವರ ಗ್ರಂಥಿಗೆ ಅಂಗಡಿ ನಿನಗೆ ನೆನಪಿರಬೇಕು. ವಿಭೂತಿ, ಕರ್ಪೂರ, ಅಳಲೆಕಾಯಿ, ಶುಂಠಿ ಮಾರಿಕೊಂಡು ಪಕ್ಷ ಕಟ್ಟಿದವರು. ಈ ಪಕ್ಷಕ್ಕೆ ಇಲ್ಲಿ ಬಾವುಟ ಹಿಡಿಯುವವರಿಲ್ಲದಾಗ ಅವರೊಬ್ಬರೇ ಹಿಡಿದಿದ್ದರು. ಹಳೆಯ ಪದ್ಧತಿಯ ಮನುಷ್ಯ. ಬೆಳಗಿನ ಪೂಜೆ ಆಗದೆ ನೀರು ಮುಟ್ಟುವುದಿಲ್ಲ. ಕಾರ್ಯಕರ್ತರಿಗೆ ಕುಡಿಸುವುದು ಅಂದರೆ ಸಿಟ್ಟು ನೆತ್ತಿಗೇರುತ್ತದೆ. ಹೆಣ್ಣುಮಕ್ಕಳು ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು ಅನ್ನುವುದೂ ಅವರದೇ ಮಾತು. ಅದಕ್ಕೆ ನೀನು ಮೂಗು ಮುರಿಯುತ್ತಿದ್ದಿ. ನಿಮ್ಮ ಅಪ್ಪ ತೀರಿಕೊಂಡ ವರ್ಷ ಊರೆಲ್ಲ ನನಗೆ ಹೊಲಿಗೆ ಮಷೀನು ಮಾರು, ತವರಿಗೆ ಹೋಗು ಅಂದಾಗ, ಅವರು ಮಠದ ಪಲ್ಲಕ್ಕಿಯ ಬಟ್ಟೆ ತಂದು ನನ್ನ ಮುಂದೆ ಇಟ್ಟರು. "ಹೊಲಿ ತಂಗೀ. ಕಾಯಕ ಬಿಟ್ರ ಶಿವನ್ನ ಬಿಟ್ಟಂಗ," ಅಂದರು. ಆಮೇಲೆ ಮಠದವರು ಬಂದರು, ಮಠದವರನ್ನು ನೋಡಿ ಊರವರು ಬಂದರು. ಆ ದುಡಿಮೆಯ ಮೇಲೆ ನಿನ್ನ ಮದುವೆ ಆಯಿತು. ನಾನು ಅವರ ಹಿಂದೆ ಯಾಕೆ ಹೋದೆ ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಕೇಳಿದರೆ ಇಷ್ಟು ಹೇಳು.

ಅರ್ಜಿ ಹಾಕಲು ಮೊದಲ ಸಹಿ ಒಬ್ಬ ಸೂಚಕರದ್ದು ಬೇಕಿತ್ತು, ಪಕ್ಷದ ಹಳೆಯ ಸದಸ್ಯರಾಗಿರಬೇಕಿತ್ತು. ಅಯ್ಯನವರು ಶಿವಶರಣಪ್ಪನವರ ಮನೆಗೆ ಹೋದರು. ಇಪ್ಪತ್ತು ವರ್ಷ ಅವರ ಪಂಕ್ತಿಯಲ್ಲಿ ಕೂತು ಉಂಡ ಮನುಷ್ಯ, ಮಗನಿಗೆ ಮಿಲ್ಲಿನಲ್ಲಿ ಕೆಲಸ ಆಗಿದೆ ಅಂತ ಕೈ ಮುಗಿದ. ಉಳಿದವರು ಊರಲ್ಲಿಲ್ಲ ಅಂತ ಹೇಳಿಸಿದರು. ಅಯ್ಯನವರ ಹೆಂಡತಿ ಅಮ್ಮನವರಿಂದಲೇ ಮಾಡಿಸೋಣ ಅಂದರೆ ಅವರು ಸದಸ್ಯರೇ ಅಲ್ಲ, ಮನೆಯ ಹೆಣ್ಣುಮಕ್ಕಳಿಗೆ ರಾಜಕಾರಣ ಬೇಡ ಅಂತ ಅಯ್ಯನವರೇ ಮಾಡಿಸಿರಲಿಲ್ಲ. ಕೊನೆಗೆ ಪಕ್ಷದ ಕಚೇರಿಯಲ್ಲಿ ಉಳಿದ ಹಳೆಯ ಸದಸ್ಯೆ ನಾನೊಬ್ಬಳೇ.

"ನಾ ಮಾಡ್ತೀನ್ರೀ ಅಯ್ಯನೋರೇ," ಅಂದೆ. ಅವರು ಅರ್ಜಿ ಮಡಚಿದರು, ಮತ್ತೆ ಬಿಚ್ಚಿದರು. ನನ್ನ ಬೋಳು ಹಣೆ ಅವರ ಕಣ್ಣಿಗೆ ಬೀಳಬಾರದು ಅಂತ ನಾನೇ ಸೆರಗು ಮುಂದಕ್ಕೆ ಎಳೆದುಕೊಂಡೆ. ಆಮೇಲೆ, "ಆತು, ಮಾಡು," ಅಂದರು. ಮಾಡಿದೆ. ನನ್ನ ಹೆಸರು ಅಷ್ಟು ದುಂಡಗೆ ನಾನು ಯಾವತ್ತೂ ಬರೆದಿರಲಿಲ್ಲ.

ಅದೇ ವಾರ ಅಳಿಯಂದಿರು ಮಸ್ಕಿಗೆ ಬಂದಿದ್ದರು. ನಿನಗೆ ಹೇಳಿದ್ದಾರೋ ಇಲ್ಲವೋ. ಚಹಾ ಕುಡಿಯಲಿಲ್ಲ. "ಅತ್ತೀ, ನೀವು ಅಯ್ಯನೋರ ಹಿಂದ ತಿರುಗಾಕತ್ತೀರಿ, ಮಾಲಕರು ನಾಕು ಮಂದ್ಯಾಗ ನನ್ನ ಮಾರಿ ನೋಡಿ ನಗತಾರ್ರೀ. ನನ್ನ ಸೂಪರ್‌ವೈಜರ್ ಕೆಲಸ ಎಷ್ಟು ದಿನ ಉಳೀತದ ಹೇಳ್ರಿ," ಅಂದರು. ಜೋರು ಮಾಡಲಿಲ್ಲ, ಗುರುಬಸವ ಕೆಟ್ಟ ಹುಡುಗ ಅಂತ ನಾನು ಎಂದೂ ಅನ್ನುವುದಿಲ್ಲ. ಸಹಿ ಹಿಂದಕ್ಕೆ ತಗೊಂಡರೆ ಅಯ್ಯನವರ ಅರ್ಜಿಯೇ ಬಿದ್ದುಹೋಗುತ್ತದೆ ಅಂದೆ. "ಬೀಳಲಿ ಬಿಡ್ರಿ, ಹೆಂಗೂ ಸೋಲೋದೇ," ಅಂದರು. ನಾನು ಆಗುವುದಿಲ್ಲ ಅಂದೆ. ಅವರು ಚಪ್ಪಲಿ ಮೆಟ್ಟಿ ಹೋದರು. ಆ ಸಂಜೆಯಿಂದ ನಿನ್ನ ಫೋನು ಹತ್ತುತ್ತಿಲ್ಲ.

ನಾನು ಏನು ಅಂದುಕೊಂಡೆ ಗೊತ್ತೇನು? ಅಯ್ಯನವರು ಗೆದ್ದರೆ ಎಲ್ಲ ಸರಿಹೋಗುತ್ತದೆ, ಮಿಲ್ಲಿನವರೇ ನಮ್ಮ ಮನೆಗೆ ಬರುತ್ತಾರೆ, ಅಳಿಯಂದಿರೂ ಬರುತ್ತಾರೆ ಅಂತ. ವಯಸ್ಸಾದ ಮೇಲೂ ಮನುಷ್ಯರಿಗೆ ಇಂಥ ಹುಚ್ಚು ಇರುತ್ತದೆ.

ಚಾಂದ್‌ಪಾಷಾನ ಆಟೋದಲ್ಲಿ ತಿರುಗಿದೆವು. ಅವನಿಗೂ ನಮ್ಮ ಪಕ್ಷಕ್ಕೂ ಏನು ಸಂಬಂಧ ಅಂತ ಯಾರೋ ಚಹಾದಂಗಡಿಯಲ್ಲಿ ಕೆಣಕಿದರು. ಅವನು, "ಇವರ ಪಾರ್ಟಿ ನನ್ನ ಓಟು ಕೇಳಂಗಿಲ್ಲ, ನಾ ಹಾಕಂಗೂ ಇಲ್ಲ. ನಮ್ಮ ಅಬ್ಬಾ ಬೀಮಾರ್ ಇದ್ದಾಗ ಅಯ್ಯನೋರು ದಿನಾ ಬಂದು ಕಷಾಯ ಕೊಟ್ಟು ಹೋಗ್ಯಾರ. ನನ್ನ ಆಟೋ ಅದಕ್ಕ ಬಂದದ," ಅಂದ. ಅಯ್ಯನವರು ಕೇಳಿಸದವರ ಹಾಗೆ ಕೂತಿದ್ದರು.

ಪಾಮನಕಲ್ಲೂರಿಗೆ ಹೋದಾಗ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದರು, ತೊಗರಿ ಹಳದಿ ಹೂವು ಬಿಟ್ಟಿತ್ತು. ಅಲ್ಲಿ ಮಾನಪ್ಪ ಅಂತ ಹಿರಿಯರು, ಅಯ್ಯನವರ ಜೊತೆಗೇ ಪಕ್ಷ ಸೇರಿದವರು. ನಮ್ಮನ್ನು ಕಂಡು ಕಟ್ಟೆಯಿಂದ ಎದ್ದು ಬಂದರು. ಓಟು ಕೇಳಿದ್ದಕ್ಕೆ, "ನನ್ನ ಸದಸ್ಯತ್ವದ ಕಾರ್ಡು ಸಿಂಧನೂರಿನವರು ಇಸ್ಕೊಂಡು ಹೋಗ್ಯಾರ್ರೀ, ಹೊಸಾದು ಮಾಡಿಸಿ ಕೊಡ್ತೀವಿ ಅಂದಾರ," ಅಂದರು. ಊರಲ್ಲಿ ಯಾರ ಹತ್ತಿರವೂ ಕಾರ್ಡು ಇರಲಿಲ್ಲ. ಎಲ್ಲವೂ ಹೊಸದಾಗಲು ಹೋಗಿದ್ದವು. ಅಯ್ಯನವರು ಅವರ ಹೆಗಲ ಮೇಲೆ ಕೈಯಿಟ್ಟು ಮಳೆ-ಬೆಳೆ ವಿಚಾರಿಸಿ ಆಟೋ ಹತ್ತಿದರು.

ಲಿಂಗಸುಗೂರಿನ ಭಾನುವಾರ ನಾವು ಗುರುತು ಹಿಡಿಯಲಾರದ ಮಂದಿ ಸಾಲಿನಲ್ಲಿ ನಿಂತಿದ್ದರು. ಮಿನಿ ಲಾರಿಗಳಲ್ಲಿ ಬಂದ ಹುಡುಗರು, ಕೊರಳಲ್ಲಿ ಹೊಸ ಕಾರ್ಡು. ಪಕ್ಷದ ಅಧ್ಯಕ್ಷರ ಹೆಸರು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಸಿದ್ದಲಿಂಗೇಶ ಅವರು ದೊಡ್ಡ ಪರದೆಯ ಮೇಲೆ ಸಂಸ್ಕೃತಿ, ಸಂಸ್ಕಾರ, ಹಿರಿಯರ ದಾರಿ ಅಂತ ಮಾತಾಡಿದರು. ಎಲ್ಲ ಅಯ್ಯನವರ ಮಾತುಗಳೇ. ಅಯ್ಯನವರು ಮಾತಾಡಲು ಎದ್ದಾಗ ಮೈಕು ಕೆಟ್ಟಿತ್ತು. ಬರಿಗಂಟಲಲ್ಲೇ ಮಾತಾಡಿದರು, ಮೊದಲ ಸಾಲಿಗೂ ಮುಟ್ಟಲಿಲ್ಲ.

ಲಿಂಗಸುಗೂರು ಹೋದರೆ ಹೋಗಲಿ, ಮಸ್ಕಿ ನಮ್ಮದು ಅಂದುಕೊಂಡಿದ್ದೆ. ಆ ದಿನ ಅಯ್ಯನವರು ಬಾಗಿಲ ಹತ್ತಿರ ನಿಂತಿದ್ದರು. ಒಳಗೆ ಹೋಗುವವರೆಲ್ಲ ಅವರ ಕಾಲು ಮುಟ್ಟಿಯೇ ಹೋದರು. ಎಣಿಸಿದಾಗ ಅರ್ಧಕ್ಕರ್ಧ ಓಟೂ ಬಂದಿರಲಿಲ್ಲ. ನನಗೆ ಸಿಟ್ಟು ಬಂದಿತ್ತು, ಕಾಲು ಮುಟ್ಟದೆ ಹೋಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅಲ್ಲಿಗೆ ಮುಗಿದಿತ್ತು. ಮಿಲ್ಲಿನಿಂದ ಮಾತು ಬಂತು: ಸಿಂಧನೂರಿನ ಓಟಿಗೆ ಮುಂಚೆ ಹಿಂದೆ ಸರಿದರೆ ಗೌರವ ಮಾರ್ಗದರ್ಶಕ ಅಂತ ಮಾಡುತ್ತಾರೆ, ವೇದಿಕೆಯ ಮೇಲೆ ಕುರ್ಚಿ ಇರುತ್ತದೆ. ಅಯ್ಯನವರು ಅಂಗಡಿಯಲ್ಲಿ ಯಾರಿಗೋ ಅಜವಾನ ತೂಗುತ್ತಿದ್ದರು. ತಕ್ಕಡಿ ಇಳಿಸದೆಯೇ, "ಅರ್ಜಿ ಹಾಕೀನಿ. ಪೂರಾ ಸೋತು ಬರ್ತೀನಿ ಅಂತ ಹೇಳ್ರಿ," ಅಂದರು. ಅವತ್ತು ನನಗೆ ಅವರ ಮೇಲೆ ಎಷ್ಟು ಅಭಿಮಾನ ಬಂತು ಅಂದರೆ, ನಿನ್ನ ಫೋನಿನ ಚಿಂತೆ ಒಂದು ದಿನ ಮರೆತಿದ್ದೆ.

ಸಿಂಧನೂರಿನ ಭಾನುವಾರ ಕಲ್ಯಾಣ ಮಂಟಪದ ಹೊರಗೆ ಬಿಸಿಲಲ್ಲಿ ನಾನೊಬ್ಬಳೇ ಕರಪತ್ರ ಹಂಚಿದೆ. ಭತ್ತದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು, ಧೂಳು. ಸಂಜೆಗೆ ಮುಂಚೆಯೇ ಎಣಿಕೆ ಮುಗಿದು ಪಟಾಕಿ ಹಾರಿದವು. ಸಿಹಿ ಹಂಚುತ್ತ ಬಂದವರು ನಿಮ್ಮ ಮನೆಯವರು. ಸಾಲಿನಲ್ಲಿ ಎಲ್ಲರಿಗೂ ಕೊಡುತ್ತ ಬಂದು ನನ್ನ ಮುಂದೆ ನಿಂತರು. ಅವರ ಹಿಂದೆಯೇ ಮಾಲಕರ ತಮ್ಮ ಇದ್ದರು. "ತಗೋರಿ ಅಮ್ಮಾ," ಅಂದರು. ಅತ್ತೀ ಅನ್ನಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು, ಅದನ್ನೂ ಬರೆಯಬೇಕು. ನಾನು ಒಂದು ಪೇಡೆ ತಗೊಂಡೆ, ತಿಂದೆ. ಬೇಡ ಅಂದಿದ್ದರೆ ಜನ ನೋಡುತ್ತಿದ್ದರು.

ಅಯ್ಯನವರು ಮಂಟಪದ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದರು. ನೀರು ತಗೊಂಡು ಹೋದೆ. ಕುಡಿದರು. ಆಮೇಲೆ ಬಹಳ ಮೆತ್ತಗೆ, ಮಗಳಿಗೆ ಹೇಳುವ ಹಾಗೆ ಹೇಳಿದರು: "ಶಿವಬಸಮ್ಮ, ತಪ್ಪು ತಿಳ್ಕೋಬ್ಯಾಡ. ನಿನ್ನ ಮನಸ್ಸು ದೊಡ್ಡದು. ಖರೇ ಮೊದಲ ಸಹಿ ಒಬ್ಬ ಮುತ್ತೈದಿ ಕೈಲೆ ಆಗಬೇಕಿತ್ತು. ನಾನೂ ಅವತ್ತು ಗಟ್ಟಿ ಆಗಲಿಲ್ಲ. ಪದ್ಧತಿ ಅಂತ ಒಂದು ಇರ್ತದಲ್ಲ."

ನಾನು "ಹೂಂರೀ," ಅಂದೆ.

ಕಾರ್ಡು ಇಸ್ಕೊಂಡು ಹೋದದ್ದು ಅವರಿಗೆ ಗೊತ್ತು, ಲಾರಿಗಳು ಗೊತ್ತು, ಮೈಕು ಗೊತ್ತು. ಶರಣರು ಹೀಗೆ ಹೇಳಿಲ್ಲ ಅನ್ನುವುದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತು. ಗೊತ್ತಿದ್ದೂ ಅಂದರು. ಅವರು ಸುಳ್ಳು ಹೇಳುವವರಲ್ಲ, ನಂಬಿದ್ದನ್ನೇ ಹೇಳಿದರು. ಅದು ಸುಳ್ಳಾಗಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಎರಡು ದಿನ ಮಷೀನಿನ ಮುಂದೆ ಕೂತು ನಾನೂ ಅದನ್ನೇ ಯೋಚಿಸಿದೆ, ನನ್ನ ಕೈಯಿಂದಲೇ ಹೀಗಾಯಿತೇನೋ ಅಂತ. ನನ್ನನ್ನು ನಾನೇ ಹಾಗೆ ನೋಡಿಕೊಂಡದ್ದು ನಿಮ್ಮ ಅಪ್ಪ ಹೋದ ದಿನವೂ ಇರಲಿಲ್ಲ.

ಹೋದ ಶುಕ್ರವಾರ ಅಯ್ಯನವರು ನನ್ನ ಹೊಲಿಗೆ ಅಂಗಡಿಗೆ ಬಂದಿದ್ದರು. ಸಿದ್ದಲಿಂಗೇಶ ಅವರನ್ನು ರಾಯಚೂರಿಗೆ ಕಳಿಸುವ ಮೆರವಣಿಗೆಗೆ ಬಾವುಟ ಬೇಕಂತೆ, ಬಟ್ಟೆ ತಂದಿದ್ದರು. "ಪಕ್ಷ ಅಂದಮ್ಯಾಲೆ ಶಿಸ್ತು ಇರಬೇಕಲ್ಲ ತಂಗೀ," ಅಂದರು. ಮುಖ ಇಳಿದಿತ್ತು, ವಿಭೂತಿ ಮಾತ್ರ ಎಂದಿನ ಹಾಗೆ ನೆಟ್ಟಗಿತ್ತು. ನಾನು ಆಗುವುದಿಲ್ಲ ಅನ್ನಲಿಲ್ಲ. ಹೊಲಿಯುತ್ತಿದ್ದೇನೆ. ಅಳಿಯಂದಿರ ಮಾಲಕರಿಗೆ ಬಾವುಟ ಯಾರು ಹೊಲಿದರು ಅನ್ನುವುದು ತಿಳಿದರೆ ಅಳಿಯಂದಿರಿಗೆ ಸ್ವಲ್ಪ ಒಳ್ಳೆಯದಾಗಬಹುದು ಅನ್ನುವ ಆಸೆಯೂ ಇದೆ. ಇದಕ್ಕಿಂತ ಹೆಚ್ಚು ನನ್ನ ಕೈಲಿ ಏನೂ ಉಳಿದಿಲ್ಲ ಮಗಳೇ.

ಅಯ್ಯನವರು ಮತ್ತೆ ನಿಲ್ಲುವುದಿಲ್ಲ. ನಿಂತರೂ ಗೆಲ್ಲುವುದಿಲ್ಲ. ಅವರ ಪಕ್ಷ ಈಗ ಅವರದ್ದಲ್ಲ, ಅದು ಅವರಿಗಿನ್ನೂ ತಿಳಿದ ಹಾಗಿಲ್ಲ. ನೀನು ಉತ್ತರ ಬರೆಯಲೇಬೇಕು ಅಂತಿಲ್ಲ. ನಿಮ್ಮ ಮನೆಯವರ ಮಾತು ಮೀರಬೇಡ ಅಂತಲೂ ನಾನು ಬರೆಯುವುದಿಲ್ಲ, ಮೀರು ಅಂತಲೂ ಬರೆಯುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅವ್ವ,
ಶಿವಬಸಮ್ಮ

ತಾ. ಕ.: ಇದನ್ನು ಬರೆಯಬಾರದು ಅಂತಲೇ ಕಾಗದ ಮುಗಿಸಿದ್ದೆ. ಸಿಂಧನೂರಿನ ಆ ಭಾನುವಾರ ಬಸ್ಸಿಗೆ ಮುಂಚೆ ನಾನು ನಿಮ್ಮ ಓಣಿಗೆ ಬಂದಿದ್ದೆ. ನೀನು ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಿ. ಪಕ್ಕಕ್ಕೆ ತಿರುಗಿದಾಗ ಕಂಡಿತು, ಐದನೇ ತಿಂಗಳಿರಬೇಕು. ನನಗೆ ಯಾರೂ ಹೇಳಿರಲಿಲ್ಲ. ನೀನು ಒಮ್ಮೆ ಕೆಳಗೆ ನೋಡಿದಿ, ಆಮೇಲೆ ಒಳಗೆ ಹೋದಿ. ನಾನು ಕೂಗಲಿಲ್ಲ. ಕುಬಸದ ಸೀಮಂತಕ್ಕೆ ನಾನು ಬರುವುದಿಲ್ಲ, ಹೆದರಬೇಡ, ಆರತಿ ನಿಮ್ಮ ಅತ್ತೆಯವರೇ ಮಾಡಲಿ. ಹಸಿರು ಇಳಕಲ್ ಸೀರೆ ಒಂದು ಬಳೆ ಅಂಗಡಿಯಲ್ಲಿ ಇಡಿಸುತ್ತೇನೆ, ಯಾರಾದರೂ ಕೇಳಿದರೆ ಪೇಟೆಯಲ್ಲಿ ಕೊಂಡೆ ಅನ್ನು. ಜೊತೆಗೆ ಜಂಪರು ಹೊಲಿದಿದ್ದೇನೆ. ನನ್ನ ಹತ್ತಿರ ಇರುವುದು ನಿನ್ನ ಮದುವೆಯ ಅಳತೆ. ಎರಡೂ ಬದಿಗೆ ಬಟ್ಟೆ ಬಿಟ್ಟಿದ್ದೇನೆ, ಬಿಗಿಯಾದರೆ ಹೊಲಿಗೆ ಬಿಚ್ಚಿಕೋ.