ಚೇರ್ಮನ್ ಬಾಯಿ ತೆಗೆಯುವುದಿಲ್ಲ

ಮಾರ್ಚ್ 4, ಮಂಗಳವಾರ. ಬೆಳಗ್ಗೆ

ಮತ್ತೆ ಅದೇ ವಾಸನೆ. ಚೇರ್ಮನ್ ಬಂದು ಮೊಣಕಾಲ ಮೇಲೆ ಗದ್ದ ಊರಿದ. ಲೋಟ ಅತ್ತ ಇಟ್ಟೆ, ಮುಖ ಇತ್ತ ತಿರುಗಿಸಿದೆ. ಕೊಳೆತ ಮೀನಿನ ಬುಟ್ಟಿ ತೆರೆದ ಹಾಗೆ.

ಆ ಹೆಸರಿಟ್ಟವರು ಮಾವ. ಅವರ ಮನೆಯಲ್ಲಿದ್ದ ಒಂದೇ ಒಳ್ಳೆಯ ಕುರ್ಚಿ ಈ ನಾಯಿಗೇ ಮೀಸಲಂತೆ. ಮಾವ ಹೋದ ಮೇಲೆ ಅತ್ತೆ ನಮ್ಮಲ್ಲಿಗೆ ಬಂದರು — ಒಂದು ಸೂಟ್‌ಕೇಸ್, ಆ ಕುರ್ಚಿ, ಕುರ್ಚಿಯ ಮೇಲೆ ಇವನು.

ವಾಸನೆ ಯಾಕೆ ಬರಬೇಕು ಎಂಬುದೇ ತಿಳಿಯುತ್ತಿಲ್ಲ. ದಿನಾ ಡೆಂಟಲ್ ಚ್ಯೂ, ಹಲ್ಲು ಚೊಕ್ಕವಾಗಲೆಂದು ನಾಯಿ ಕಡಿಯುವ ತಿನಿಸು, ಕೊಡುತ್ತಿದ್ದೇವೆ. ಪ್ಯಾಕೆಟ್ ಮೇಲೆ ದೊಡ್ಡ ಹೆಸರು. ಮನೆಯಲ್ಲಿ ಅದು ಬರೀ 'ಕಡ್ಡಿ'. ಕಡ್ಡಿ ಕಡಿದರೆ ಸಾಕು, ಬ್ರಷ್ ಬೇಡ, ಡಾಕ್ಟರ್ ಬೇಡ ಎಂದು ಮನೆಮಂದಿಗೆಲ್ಲ ಭಾಷಣ ಬಿಗಿದವನು ನಾನೇ. ಈಗ ಮಾನ ಹೋಗುವುದೂ ನನ್ನದೇ.

ಫೋನ್. ಬಟ್ಟೆ ಅಂಗಡಿಯ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿದೆ. ಒಳಗೆ ಒಬ್ಬಾಕೆ ಕಿರುಚುತ್ತಿದ್ದಾಳಂತೆ. ರಿಪೇರಿ ಚೀಲ ಹಿಡಿದು ಹೊರಟೆ.

ಮಾರ್ಚ್ 5, ಬುಧವಾರ

ಬೇರೆ ಕಂಪನಿಯ ಕಡ್ಡಿ ತಂದೆ. ಮೈಯೆಲ್ಲ ಗೀರು ಗೀರು. ಕಡಿಯುವಾಗ ಆ ಗೀರುಗಳೇ ಹಲ್ಲಿನ ಪಾಚಿ ಕೆರೆಯುತ್ತವೆ. ಓದಿ, ಅಂಗಡಿಯವನ ತಲೆ ತಿಂದು, ಎಲ್ಲ ತಿಳಿದುಕೊಂಡೇ ತಂದದ್ದು.

ಕೊಡಲು ಹೋದರೆ ಅತ್ತೆ ಕೈಯಿಂದ ತೆಗೆದುಕೊಂಡರು.

"ನಾನೇ ಕೊಡ್ತೀನಿ ಬಿಡಿ ಅಳಿಯಂದ್ರೆ. ನೀವು ಕೊಟ್ರೆ ಅವ್ನು ಮೂಸಿ ನೋಡಿ ಬಿಟ್ಬಿಡ್ತಾನೆ."

ಅಡುಗೆಮನೆಗೆ ಕರೆದುಕೊಂಡು ಹೋದರು. ಬಾಗಿಲು ಅರ್ಧ ಮುಚ್ಚಿತ್ತು. ಆ ನಾಯಿಯ ಜೊತೆ ಏನೇನೋ ಮಾತು. ನಮ್ಮ ಜೊತೆ ಒಂದು ವಾರದಲ್ಲಿ ಆಡದಷ್ಟು ಮಾತು ಅವನ ಜೊತೆ ಒಂದು ಹೊತ್ತಿಗೆ.

ಮಾರ್ಚ್ 9, ಭಾನುವಾರ

ಬಾಯಿ ತೆಗೆಸಿ ನೋಡೋಣವೆಂದು ಕೂತೆ. ಚೇರ್ಮನ್ ಬಾಯಿ ತೆಗೆಯುವುದಿಲ್ಲ. ತುಟಿ ಎತ್ತಲು ಬೆರಳು ಹಾಕಿದೆ — ಗುರ್ ಎಂದ. ನನ್ನ ಮೇಲೆ ಗುರ್ ಅಂದದ್ದು ಇದೇ ಮೊದಲು. ಎಂಥ ಜಾಮ್ ಆದ ಲಿಫ್ಟ್ ಬಾಗಿಲಾದರೂ ಬಿಡಿಸುತ್ತೇನೆ, ಇವನ ಮುಂದೆ ಸೋತೆ. ಅತ್ತೆ ದೂರದಿಂದ ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆಗೆದರು, ಅವನನ್ನು ಕರೆದುಕೊಂಡು ಅಡುಗೆಮನೆಗೆ ಹೋದರು.

ಮಾರ್ಚ್ 14, ಶುಕ್ರವಾರ. ಸಂಜೆ

ಸಿಕ್ಕಿಬಿತ್ತು.

ಕೆಲಸ ಬೇಗ ಮುಗಿದಿತ್ತು. ಸದ್ದಿಲ್ಲದೆ ಬಂದೆ. ಅಡುಗೆಮನೆಯಲ್ಲಿ ಬಟ್ಟಲು, ಬಟ್ಟಲಲ್ಲಿ ಬಿಸಿ ಹಾಲು, ಹಾಲಿನಲ್ಲಿ ಊದಿಕೊಂಡ ನನ್ನ ಕಡ್ಡಿ. ಅತ್ತೆ ಚಮಚದಲ್ಲಿ ಮಿದ್ದು ಮಿದ್ದು ತಿನ್ನಿಸುತ್ತಿದ್ದಾರೆ. ಚೇರ್ಮನ್ ಮಹಾರಾಜನ ಹಾಗೆ ನೆಕ್ಕುತ್ತಿದ್ದಾನೆ.

ತಲೆ ಕೆಟ್ಟುಹೋಯಿತು.

"ಏನತ್ತೆ ಇದು?"

"ಗಟ್ಟಿ ಇರುತ್ತೆ. ಪಾಪ, ಅವ್ನಿಗೆ ಕಡಿಯೋಕಾಗಲ್ಲ."

"ಕಡೀಲಿ ಅಂತಾನೇ ಅಲ್ವಾ ಕೊಡೋದು? ಕಡಿದ್ರೆ ತಾನೇ ಹಲ್ಲು ಉಜ್ಜೋದು? ನೆನೆಸಿಟ್ರೆ ಅದು ಬರೀ ಹಿಟ್ಟು."

"ನನ್ನ ಬಾಯಲ್ಲಿರೋದು ಕಟ್ಟಿಸಿಕೊಂಡ ಹಲ್ಲು ಅಳಿಯಂದ್ರೆ. ಗಟ್ಟಿ ಕಡಿಯೋ ಕಷ್ಟ ನಂಗೊತ್ತು, ನಿಮಗೊತ್ತಿಲ್ಲ."

"ನಿಮ್ಮ ಹಲ್ಲಿಗೂ ನಾಯಿ ಹಲ್ಲಿಗೂ ಏನು ಸಂಬಂಧ?"

ಧ್ವನಿ ಏರಿತು. ಏರಬಾರದಿತ್ತು. ಅವರು ಬಟ್ಟಲು ತೊಳೆದಿಟ್ಟು ಕೋಣೆಗೆ ಹೋದರು. ಚೇರ್ಮನ್ ಹಿಂದೆಯೇ ಹೋದ.

ಹೆಂಡತಿ ಆಫೀಸಿನಿಂದ ಬಂದವಳು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: "ಅಮ್ಮನ ಹತ್ರ ಅಷ್ಟು ಜೋರಾಗಿ ಮಾತಾಡ್ಬೇಕಿತ್ತಾ?" ಟಿ.ವಿ. ಹಾಕಿಕೊಂಡು ಕೂತಳು.

ಮಾರ್ಚ್ 15, ಶನಿವಾರ

ಇಂದು ನಾನೇ ಕೊಟ್ಟೆ. ನೆನೆಸದ ಕಡ್ಡಿ. ಎದುರು ಕೂತೆ, ಪೊಲೀಸಿನ ಹಾಗೆ. ಬಾಯಿಗೆ ತೆಗೆದುಕೊಂಡ. ಒಂದು ಸಲ ಕಡಿದ. ಕುಂಯ್ ಎಂದು ಉಗುಳಿ ಕುರ್ಚಿಯ ಕೆಳಗೆ ನುಸುಳಿದ. ಕಡ್ಡಿಯ ಮೇಲೆ ರಕ್ತ.

ಆಗಲೇ ಹೊರಟೆವು. ಕಾರಿನಲ್ಲಿ ನನ್ನ ಪಕ್ಕ ಇವಳು, ಹಿಂದೆ ಅತ್ತೆ, ಅವರ ಮಡಿಲಲ್ಲಿ ಇವನು.

ಪ್ರಾಣಿ ಡಾಕ್ಟರಮ್ಮನ ಕೈಗೆ ಬಾಯಿ ತೆಗೆದ. ನನಗೆ ತೆಗೆಯದವನು. ಎಡಗಡೆ ದವಡೆ ಆಗ ನೋಡಿದೆ. ಹಲ್ಲಿಗೆ ಕಂದು ಕಲ್ಲು ಮೆತ್ತಿದೆ. ಒಂದು ಹಲ್ಲು ಅಲುಗುತ್ತಿದೆ. ಒಸಡಿನಲ್ಲಿ ಕೀವು.

"ದಿನಾ ಕಡ್ಡಿ ಕೊಡ್ತಿದ್ವಿ ಡಾಕ್ಟ್ರೆ," ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

"ಕೊಡೋದು ಒಳ್ಳೇದೇ. ಪಾಚಿ ಮೆತ್ತಗಿರುವಾಗ ಅದು ಉಜ್ಜುತ್ತೆ. ಕಲ್ಲಾದ ಮೇಲೆ ಯಾವ ಕಡ್ಡಿನೂ ಕೀಳಲ್ಲ. ಕೊಡೋದರ ಜೊತೆ ಆಗಾಗ ತುಟಿ ಎತ್ತಿ ನೋಡ್ಬೇಕು. ಯಾರು ನೋಡ್ತಿದ್ರಿ?"

ಯಾರೂ ಇಲ್ಲ.

ಆಮೇಲೆ ಎದೆಗೆ ಸ್ಟೆತ್ ಇಟ್ಟರು. ಬಹಳ ಹೊತ್ತು ಇಟ್ಟರು. ಹೃದಯದಲ್ಲಿ ಸದ್ದಿದೆಯಂತೆ, ವಯಸ್ಸಿನದು. ಹಲ್ಲು ಕೀಳಲು ಅರಿವಳಿಕೆ ಕೊಡಲೇಬೇಕು. ಕೊಟ್ಟರೆ ಏಳದೆಯೂ ಇರಬಹುದು. ಕೀಳದೆ ಬಿಟ್ಟರೆ ಕೀವು ರಕ್ತಕ್ಕೆ ಸೇರಿ ಹೇಗೂ ಉಳಿಯುವುದಿಲ್ಲ.

"ಒಂದೇ ಕಡೆ ಅಗಿಯೋಕೆ ಶುರು ಮಾಡಿ ಎಷ್ಟು ದಿನ ಆಯ್ತು?"

ನಾನು ಇವಳ ಮುಖ ನೋಡಿದೆ, ಇವಳು ನನ್ನ ಮುಖ. ಅತ್ತೆ ಹೇಳಿದರು: "ಚಳಿ ಮುಗಿಯೋಕೆ ಮುಂಚೆಯಿಂದ. ಬಲಗಡೆಗೆ ತಲೆ ವಾಲಿಸಿ ತಿಂತಿದ್ದ. ಅದಕ್ಕೇ ನೆನೆಸ್ತಿದ್ದೆ."

ವಾಪಸ್ ಬರುವಾಗ ಕೇಳಿದೆ: "ಹೇಳಬಾರ್ದಿತ್ತಾ ಅತ್ತೆ?"

"ಹೇಳಿದ್ದೆ. ಕಡ್ಡಿ ಕೊಡ್ತಿದೀವಲ್ಲ, ಏನೂ ಆಗಲ್ಲ ಬಿಡಿ ಅಂದ್ರಿ."

ನೆನಪಿಲ್ಲ. ಆದರೆ ಮಾತು ನನ್ನದೇ. ಹಾಗೆ ಹೇಳುವವನು ಈ ಮನೆಯಲ್ಲಿ ನಾನಲ್ಲದೆ ಯಾರು?

ಮಾರ್ಚ್ 20, ಗುರುವಾರ

ಸೋಮವಾರ ಆಪರೇಷನ್. ಅಲ್ಲಿಯವರೆಗೆ ಮಾತ್ರೆ.

ಕೂತಲ್ಲಿ ಕೂರಲಾಗುತ್ತಿಲ್ಲ. ಸೋರದ ನಲ್ಲಿ ಬಿಚ್ಚಿ ಜೋಡಿಸಿದೆ, ಈಗ ಸೋರುತ್ತಿದೆ. ಇವತ್ತು ಕೆಟ್ಟ ಲಿಫ್ಟ್ ಬಿಟ್ಟು ಪಕ್ಕದ ಸರಿಯಿದ್ದ ಲಿಫ್ಟಿಗೆ 'ದುರಸ್ತಿಯಲ್ಲಿದೆ' ಬೋರ್ಡ್ ನೇತುಹಾಕಿ ಬಂದೆ. ಇಡೀ ಕಟ್ಟಡ ಮೆಟ್ಟಿಲು ಹತ್ತಿದೆ. ಜೊತೆಗಾರ ಫೋನ್ ಮಾಡಿ, "ಮೊದ್ಲು ನಿನಗೊಂದು ಬೋರ್ಡ್ ನೇತುಹಾಕ್ಬೇಕು ಮಾರಾಯ," ಎಂದ. ನಗು ಬರಲಿಲ್ಲ.

ಅತ್ತೆ ಸರಿಯಾಗಿ ಊಟ ಮಾಡುತ್ತಿಲ್ಲ. ಎರಡು ತುತ್ತು, ತಟ್ಟೆ ಪಕ್ಕಕ್ಕೆ. ಕೇಳಿದರೆ, "ಅವ್ನು ಉಪವಾಸ ಇರುವಾಗ ನಂಗೆ ಗಂಟಲಲ್ಲಿ ಇಳಿಯಲ್ಲ." ಇವಳು ಚಿಂತೆಯೇ ಕಾರಣ ಎನ್ನುತ್ತಾಳೆ. ಇರಬೇಕು. ಯಾರಿಗೆ ತಾನೇ ಇಳಿಯುತ್ತದೆ?

ಮಾರ್ಚ್ 24, ಸೋಮವಾರ. ಬೆಳಗ್ಗೆ

ಒಳಗೆ ಕರೆದುಕೊಂಡು ಹೋದರು. ಬಾಗಿಲ ಹತ್ತಿರ ಒಮ್ಮೆ ತಿರುಗಿ ನೋಡಿದ. ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಬರೆಯದಿದ್ದರೆ ಎದ್ದು ಓಡಾಡುತ್ತೇನೆ. ಓಡಾಡಬೇಡಿ ಎಂದು ಕೌಂಟರಿನವಳು ಆಗಲೇ ಗದರಿದ್ದಾಳೆ.

ಅತ್ತೆ ಅವನ ಕೊರಳಿನ ಬೆಲ್ಟ್ ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಗೋಡೆ ನೋಡುತ್ತಲೇ ಹೇಳಿದರು: "ನಿಮ್ಮ ಮಾವನ ಸುದ್ದಿ ಮಾತಾಡೋಕೆ ನಂಗೆ ಇವ್ನೊಬ್ಬನೇ. ನಿಮ್ಮ ಮುಂದೆ ಮಾತಾಡಿದ್ರೆ ನಿಮಗೆ ಬೇಜಾರು. ಇವ್ನಿಗೆ ಅವ್ರ ಹೆಸರು ಹೇಳಿದ್ರೆ ಈಗ್ಲೂ ಬಾಲ ಆಡಿಸ್ತಾನೆ."

ನಮಗೆ ಬೇಜಾರಿಲ್ಲ ಎನ್ನಬೇಕಿತ್ತು. ಭಯ. ಇವನು ಏಳದಿದ್ದರೆ ಈ ಹೆಂಗಸಿನ ಮುಖ ಹೇಗೆ ನೋಡಲಿ?

ಸಂಜೆ

ಎದ್ದ. ಎದ್ದ, ಎದ್ದ. ನಾಲಿಗೆ ಜೋತುಬಿದ್ದಿದೆ, ಕಣ್ಣುಗಳು ಎತ್ತಲೋ ನೋಡುತ್ತಿವೆ, ಆದರೆ ಮಾವನ ಹೆಸರನ್ನು ಅತ್ತೆ ಹೇಳಿದಾಗ ಬಾಲದ ತುದಿ ಅಲುಗಿತು. ಅತ್ತೆ ಅತ್ತರು. ನಾನು ಕಾರ್ ತರುತ್ತೇನೆಂದು ಹೊರಗೆ ಹೋಗಿ ಕಾರಿನಲ್ಲಿ ಕೂತು ಅತ್ತುಬಿಟ್ಟೆ. ಅಷ್ಟು ಹೊತ್ತು ಏನು ಮಾಡಿದಿರಿ ಎಂದು ಯಾರೂ ಕೇಳಲಿಲ್ಲ.

ಎಡಗಡೆ ಹಿಂದಿನ ಹಲ್ಲುಗಳು ಹೋದವು. ಉಳಿದವನ್ನು ಉಜ್ಜಿ ಬೆಳ್ಳಗೆ ಮಾಡಿದ್ದಾರೆ.

ಏಪ್ರಿಲ್ 13, ಭಾನುವಾರ

ಗಾಯ ಒಣಗಿದೆ. ಮತ್ತೆ ಕಡ್ಡಿ ಕೊಡಬಹುದು ಎಂದರು ಡಾಕ್ಟರಮ್ಮ, ಆದರೆ ಬಾಗುವಂಥದ್ದು. ಉಗುರು ಒತ್ತಿದರೆ ಗುರುತು ಬೀಳಬೇಕು. ಅಂಗಡಿಯಲ್ಲಿ ಪ್ಯಾಕೆಟ್‌ಗಳ ಮೇಲೆಲ್ಲ ಉಗುರು ಒತ್ತಿ ಬೈಸಿಕೊಂಡೆ. ಮುಗಿಯುವವರೆಗೆ ಎದುರೇ ಕೂರುತ್ತೇನೆ. ಬಲಗಡೆಯಿಂದ ಕಡಿಯುತ್ತಾನೆ, ಕಣ್ಣು ಅರ್ಧ ಮುಚ್ಚಿಕೊಂಡು. ಭಾನುವಾರ ಟಾರ್ಚ್ ಹಾಕಿ ಬಾಯಿ ನೋಡುವುದು ನನ್ನ ಕೆಲಸ. ಈಗ ತೆಗೆಯುತ್ತಾನೆ. ಬಾಯಿ ವಾಸನೆ ಬರೀ ನಾಯಿಯ ವಾಸನೆ. ತಿನ್ನುವುದಂತೂ ಕೇಳಲೇಬೇಡಿ, ಬಟ್ಟಲನ್ನೂ ತಿಂದಾನು.

ಆದರೂ ನೆಮ್ಮದಿ ಇಲ್ಲ. ಯಾಕೆಂದು ಮಧ್ಯಾಹ್ನ ಊಟಕ್ಕೆ ಕೂತಾಗ ತಿಳಿಯಿತು. ಅತ್ತೆಯ ತಟ್ಟೆ ಹಾಗೇ ಇದೆ. ನಾಯಿ ಉಂಡಾಯಿತು, ಮಲಗಿಯೂ ಆಯಿತು. ಇವರು ಇನ್ನೂ ಎರಡೇ ತುತ್ತು. ಕೈಗಡಿಯಾರ ಮಣಿಕಟ್ಟಿನಿಂದ ಮೊಣಕೈ ಕಡೆಗೆ ಜಾರುತ್ತಿದೆ, ಅಷ್ಟು ಸೊರಗಿದ್ದಾರೆ. ತುತ್ತು ಬಾಯಿಗಿಟ್ಟು ತಲೆಯನ್ನು ಬಲಕ್ಕೆ ವಾಲಿಸಿದರು. ನೀರು ಕುಡಿದು ನುಂಗಿದರು.

ನನ್ನ ಊಟ ಅಲ್ಲೇ ನಿಂತಿತು.

ಏಪ್ರಿಲ್ 15, ಮಂಗಳವಾರ. ಸಂಜೆ

ರಜೆ ಹಾಕಿದೆ. ಇವಳು ಆಫೀಸಿಗೆ ಹೋಗುವುದನ್ನೇ ಕಾದೆ. ಮಗಳ ಮುಂದೆ ಅತ್ತೆ ಒಪ್ಪುವುದಿಲ್ಲ.

"ಅತ್ತೆ, ಬಾಯಿ ತೆಗೀರಿ."

"ಅಯ್ಯೋ, ಅಳಿಯನ ಮುಂದೆ ಬಾಯಿ ಬಿಟ್ಕೊಂಡು ಕೂರೋದಾ? ನಿಮಗೇನು, ನಾಯಿ ಬಾಯಿ ನೋಡಿ ನೋಡಿ ಅಭ್ಯಾಸ ಆಗ್ಬಿಟ್ಟಿದೆ."

ನಕ್ಕರು. ನಾನು ನಗಲಿಲ್ಲ. ಅವರ ನಗುವೂ ನಿಂತಿತು.

"ಹಲ್ಲಿನ ಸೆಟ್ಟು ಒತ್ತುತ್ತೆ, ಅಷ್ಟೇ."

"ಯಾವಾಗಿಂದ?"

"ಅವ್ನಿಗೆ ಶುರುವಾಗೋಕೂ ಮುಂಚೆಯಿಂದ."

ಹೇಳಬಾರ್ದಿತ್ತಾ ಎಂಬುದು ನಾಲಿಗೆ ತುದಿಗೆ ಬಂತು. ಹೋಗಿ ಟಾರ್ಚ್ ತಂದೆ.

ಕಿಟಕಿ ಹತ್ತಿರ ಕೂತರು. ಆ ಕಡೆ ತಿರುಗಿ ಸೆಟ್ಟು ತೆಗೆದು ಕರವಸ್ತ್ರದಲ್ಲಿ ಸುತ್ತಿದರು. ಈ ಕಡೆ ತಿರುಗಿದಾಗ ಮುಖ ಅರ್ಧ ಆಗಿತ್ತು. ಕಣ್ಣು ಮುಚ್ಚಿಕೊಂಡು ಬಾಯಿ ತೆಗೆದರು. ಟಾರ್ಚ್ ಹಾಕಿದೆ. ಎಡಗಡೆ, ಕೆಳಗೆ. ಬಿಳಿ ಅಂಚು, ನಡುವೆ ಕೆಂಪು ಗುಂಡಿ, ಸುತ್ತ ಗಟ್ಟಿಯಾಗಿ ಎದ್ದ ಒಸಡು. ಸೆಟ್ಟು ಒತ್ತಿದ ಗಾಯವೂ ಹೀಗೇ ಇರುತ್ತದೇನೋ. ನನಗೇನು ಗೊತ್ತು? ಲಿಫ್ಟ್ ರಿಪೇರಿ ಮಾಡುವವನು. ಟಾರ್ಚ್ ಆರಿಸಿ, ಮತ್ತೆ ಹಾಕಿ, ಇನ್ನೊಮ್ಮೆ ನೋಡಿದೆ.

"ಏನಿದೆ? ಸುಮ್ನಿರ್ಬೇಡಿ, ಹೇಳಿ," ಎಂದರು. ಹಲ್ಲಿಲ್ಲದ ಮಾತು, ಮಗುವಿನ ಮಾತಿನ ಹಾಗೆ.

"ಹುಣ್ಣು ಅತ್ತೆ. ಡಾಕ್ಟರಿಗೆ ತೋರಿಸೋಣ."

ಏನೂ ಆಗಲ್ಲ ಬಿಡಿ ಎಂದು ಈ ಸಲ ನಾನು ಹೇಳಲಿಲ್ಲ. ಅವರು ಆ ಮಾತಿಗಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಫೋನ್ ಕೈಗೆತ್ತಿಕೊಂಡೆ.

ದೊಡ್ಡಾಸ್ಪತ್ರೆಯಲ್ಲಿ ನಾಳೆ ಬೆಳಗ್ಗೆಗೆ ಹೇಳಿದ್ದಾರೆ. ಫೋನಿನಲ್ಲಿ ಗಾಯ ಹೇಗಿದೆಯೆಂದು ಹೇಳಿದೆ. ಎಷ್ಟು ದಿನದಿಂದ ಇದೆ ಎಂದು ಕೇಳಿದರು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಾಗಬಹುದಂತೆ. ಖಾಲಿ ಹೊಟ್ಟೆಯಲ್ಲಿ ಬನ್ನಿ, ಮಗಳನ್ನೂ ಕರೆತನ್ನಿ ಎಂದರು.

ಇವಳಿಗೆ ಇನ್ನೂ ಗೊತ್ತಿಲ್ಲ. ಗೇಟಿನ ಸದ್ದು. ಚಪ್ಪಲಿ ಬಿಡುತ್ತಿದ್ದಾಳೆ. ಎಲ್ಲಿಂದ ಶುರು ಮಾಡಲಿ… ಅಮ್ಮನ ಬಾಯಿ ನೋಡಿದೆ ಎಂದೇ? ಒಳಗೆ ಬಂದಳು. ಪೆನ್ನು ಇಡುತ್ತೇನೆ.