ಕಪ್ಪೆಗೆ ಮಾಡಿಸಿದ ಒಡವೆ

ಕ್ವಾರ್ಟ್ಸೈಟ್, ಅರಿಝೋನಾ
ಫೆಬ್ರವರಿ ೯

ಪ್ರೀತಿಯ ಅಕ್ಕಾ,

ನಮ್ಮ ಯಜಮಾನ ವರ್ಲಿನ್ ನಮ್ಮ ಮನೆಯಂಥ ಬಸ್ಸು, ಆ ಮೋಟಾರ್‌ಹೋಮ್‌ನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಲೆಂದು ಮೂರು ಸಾವಿರ ಡಾಲರಿಗೆ ಹಳೆಯದೊಂದು ಪುಟ್ಟ ಕಾರು ಕೊಂಡ. ಎಳೆಸಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ‘ಟೋಡ್’, ಕಪ್ಪೆಗೂ ‘ಟೋಡ್’, ಹಾಗಾಗಿ ಇಂಥ ಕಾರನ್ನು ಇಲ್ಲಿ ಎಲ್ಲರೂ ಕಪ್ಪೆ ಅನ್ನುತ್ತಾರೆ. ಎಳೆಯುವ ಕಂಬಿ, ಅದನ್ನು ಸಿಕ್ಕಿಸುವ ಕೊಂಡಿ, ತಾನೇ ಬ್ರೇಕ್ ಒತ್ತುವ ಪೆಟ್ಟಿಗೆ, ಹಿಂದಿನ ದೀಪಗಳ ವೈರು, ಎಲ್ಲ ಸೇರಿ ಈ ಕಪ್ಪೆಯ ಒಡವೆಗೇ ನಾಲ್ಕು ಸಾವಿರದ ಎಂಟುನೂರು ಆಯಿತು. ಕೇಳಿದರೆ, “ಎಳೆಸ್ಕೊಂಡು ಬರೋ ಕಾರಿನ ಇಂಜಿನ್ ಸವೆಯಲ್ಲ ಕಣೇ, ಅದೇ ಉಳಿತಾಯ” ಅಂದ.

ನಿನ್ನೆ ಕಪ್ಪೆಯ ಗೇರನ್ನು ನ್ಯೂಟ್ರಲ್‌ಗೆ ಹಾಕುವುದನ್ನೇ ಮರೆತು ಎಂಬತ್ತು ಮೈಲಿ ಎಳೆದ. ಇಳಿದು ನೋಡಿದರೆ ಕಾರಿನಡಿಯಿಂದ ಹೊಗೆ. ಮೆಕ್ಯಾನಿಕ್ ಮೂಗು ಮುಚ್ಚಿಕೊಂಡು, “ಗೇರ್‌ಬಾಕ್ಸ್ ಕರಕಲಾಗಿದೆ ತಾತ. ಇದಿನ್ನು ತಾನಾಗಿ ಓಡಲ್ಲ, ಎಳೀಬೇಕಷ್ಟೆ” ಅಂದ. ವರ್ಲಿನ್ ನನ್ನ ಕಡೆ ತಿರುಗಿ, “ನೋಡ್ದ್ಯಾ, ಎಳೆಯೋಕೆ ಬೇಕಾದ್ದೆಲ್ಲ ಹಾಕ್ಸಿದ್ದು ಒಳ್ಳೇದಾಯ್ತು!” ಅಂದ.

ನಿನ್ನ ಮೊಣಕಾಲಿನ ಆಪರೇಷನ್ನಿಗೆ ಆ ಕಾರಿನಲ್ಲಿ ಇಬ್ಬರೂ ಬರುತ್ತೇವೆ ಎಂದಿದ್ದೆನಲ್ಲ, ಗಾಬರಿಯಾಗಬೇಡ. ಗುರುವಾರದ ಬಸ್ಸಿಗೆ ಟಿಕೆಟ್ ತೆಗೆಸಿದ್ದೇನೆ. ಒಂದೇ ಟಿಕೆಟ್.

ಅವಸರದಲ್ಲಿ,
ನಿನ್ನ ತಂಗಿ ಆರ್ಡಿತ್