ಮೀನು ಹೊತ್ತ ಟ್ರಕ್ಕಿನ ಮೇಲ್ಮನವಿ

ಆಗಸ್ಟ್ 29, ಸಂಜೆ 7.30

ಬೆಳಿಗ್ಗೆ ಆರಕ್ಕೇ ಎಚ್ಚರ. ಇಲ್ಲಿ ಕಾಲೇಜಿನಲ್ಲಿ ಗಂಟೆ ಹೊಡೆಯುವವರಿಲ್ಲ, ಆದರೂ ಎಚ್ಚರ. ನಾಲ್ಕು ವರ್ಷ ಹಾಸ್ಟೆಲ್ ಶಾಲೆಯಲ್ಲಿದ್ದ ಫಲ. ಹೊದಿಕೆಯ ಮೂಲೆಗಳನ್ನು ನೀಟಾಗಿ ಮಡಿಸಿದೆ. ಪರೀಕ್ಷೆ ಮಾಡಲು ವಾರ್ಡನ್ ಬರುವುದಿಲ್ಲ ಎಂದು ನೆನಪಾಯಿತು. ಮತ್ತೆ ಕೆದರಿದೆ. ರೂಮ್‌ಮೇಟ್ ಬ್ರಿಜಿಟ್ ಒಂದು ಕಣ್ಣು ತೆರೆದು, "ರೋವೀನಾ, ನಿಂಗೆ ಸ್ವಲ್ಪ ಹುಚ್ಚಿದೆ" ಎಂದು ಮಗ್ಗುಲು ಬದಲಿಸಿದಳು.

ಹನ್ನೆರಡೂವರೆಗೆ ಸರಕಿನ ದೋಣಿ ಬಾರ್ಜ್ ಬಂತು. ಅದರ ಮೇಲೆ ಲೆಸ್ಟರ್ ಮಾವನ ಟ್ರಕ್. ಇನ್ನು ನನ್ನದು. ನಮ್ಮೂರು ಕೊಲ್ಟಾನಾದಿಂದ ಯೂಕಾನ್ ನದಿಯ ಮೇಲೆ ಆರು ದಿನ. ನಮ್ಮೂರಿಗೆ ರಸ್ತೆ ಇಲ್ಲ. ಊರೊಳಗೆ ಮೂರು ಮೈಲಿ ಇದೆ — ವಿಮಾನ ಇಳಿಯುವ ಪಟ್ಟಿಯಿಂದ ಕಸದ ಗುಂಡಿಯವರೆಗೆ. ಅಷ್ಟರಲ್ಲೇ ಓಡುವ ಗಾಡಿಗೆ ನೋಂದಣಿ ಬೇಕಿಲ್ಲ, ಅಲಾಸ್ಕದ ಕಾನೂನೂ ಕೇಳುವುದಿಲ್ಲ. ನಂಬರ್ ಪ್ಲೇಟಿನ ಸ್ಟಿಕರ್ 2017ರದು. ಪಟ್ಟಣದ ರಸ್ತೆಗೆ ಬಂದರೆ ಹೊಸದು ಬೇಕು. ಗೊತ್ತಿತ್ತು. ಅದಕ್ಕೇ ನಾಳೆ 9.20ಕ್ಕೆ ನೋಂದಣಿ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ತೆಗೆದಿಟ್ಟಿದ್ದೆ. ಇವತ್ತಿನದು ಸಿಗಲಿಲ್ಲ.

ಟ್ರಕ್ಕಿನ ಹಿಂದೆ ತುಂಬ ಡಬ್ಬಗಳು. ನಮ್ಮೂರಿಂದ ಗಾಡಿ ಖಾಲಿ ಬರುವುದಿಲ್ಲ. ಹೊಗೆಯಲ್ಲಿ ಒಣಗಿಸಿದ ಸಾಲ್ಮನ್, ಅರ್ಧ ಒಣಗಿದ ಸಾಲ್ಮನ್, ನೀಲಿ ಬೆರ್ರಿ. ಪ್ರತಿ ಡಬ್ಬದ ಮೇಲೂ ಪಟ್ಟಣದಲ್ಲಿರುವ ನೆಂಟರ ಹೆಸರು, ಮಾವನ ಕೈಬರಹದಲ್ಲಿ. ಏಳು ಮನೆ. ಬಿಸಿಲು ಬೇರೆ. ಮೊದಲು ಅವರದು ತಲುಪಬೇಕು, ಆಮೇಲೆ ನಮ್ಮ ಕೆಲಸ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಆರನೇ ಮನೆ ಮುಗಿಸಿ ಹೊರಟಾಗ ಹಿಂದೆ ಪೊಲೀಸ್ ದೀಪ. 5.40. ಅಧಿಕಾರಿಯ ಎದೆಯ ಮೇಲೆ ಹೆಸರು: ಕ್ರೇನ್.

"ಈ ಸ್ಟಿಕರ್ ಅಂಟಿಸಿದಾಗ ನೀನು ಎಷ್ಟನೇ ಕ್ಲಾಸು?"

"ಐದು, ಸರ್."

"ಅಲ್ಲೇ ನಿಂತ್ಬಿಟ್ಟಿದೆ ನೋಡು ಇದು. ನೀನಾದ್ರೂ ಪಾಸಾದೆ."

ದಂಡದ ಟಿಕೆಟ್ ಹರಿದು ಕೊಟ್ಟ. ಬಾರ್ಜ್, ಅಪಾಯಿಂಟ್‌ಮೆಂಟ್, ಎಲ್ಲ ಹೇಳಬೇಕೆಂದು ಉಸಿರೆಳೆದುಕೊಂಡೆ. ಅಷ್ಟರಲ್ಲಿ ಅವನ ಕಾರು ತಿರುವಿನಲ್ಲಿತ್ತು.

ಏಳನೆಯದು ಪಕ್ಕದ ಬೀದಿ. ಟ್ರಕ್ ಅಲ್ಲೇ ಬಿಟ್ಟು, ಡಬ್ಬ ಹೊತ್ತು ನಡೆದೇ ಹೋಗಿ ಕೊಟ್ಟೆ.

ಆಗಸ್ಟ್ 30

ನೋಂದಣಿ ಆಯಿತು. ಹೊಸ ಸ್ಟಿಕರ್. ಹತ್ತು ಗಂಟೆಯೊಳಗೆ ಎಲ್ಲ ಮುಗಿದಿತ್ತು... ನಿನ್ನೆಯೇ ಸಿಕ್ಕಿದ್ದರೆ.

ಮಧ್ಯಾಹ್ನ ವರ್ನಾ ಅವರ ಆಫೀಸು. ನದಿಯ ಊರುಗಳಿಂದ ಹಿರಿಯರು ಸಣ್ಣ ವಿಮಾನದಲ್ಲಿ ಆಸ್ಪತ್ರೆಗೆ ಬರುತ್ತಾರಲ್ಲ, ಅವರನ್ನು ಕರೆತಂದು ಬಿಡುವ ವ್ಯಾನು ಇವರದು. ಜನವರಿಯಿಂದ ಡ್ರೈವರ್ ಬೇಕು. ವಾರಕ್ಕೆ ಮೂರು ದಿನ. ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟವಳು ನಾನು. ವಾರಕ್ಕೆ ಮೂರು ದಿನ ನಮ್ಮವರ ಪಕ್ಕ ಕೂರುವುದು — ಈ ಕೆಲಸ ನನಗೆ ಬೇಕು. ಡಿಗ್ರಿಗಿಂತ ಹೆಚ್ಚು ಬೇಕು. (ಇದನ್ನು ಅಮ್ಮನಿಗೆ ಹೇಳಿಲ್ಲ.)

ಟಿಕೆಟ್ ವಿಷಯ ಮುಚ್ಚಿಡಲಿಲ್ಲ. ವರ್ನಾ ಕನ್ನಡಕ ತೆಗೆದರು.

"ಫೈನ್ ಕಟ್ಟಿದ್ರೆ ತಪ್ಪು ಒಪ್ಪಿದ ಹಾಗೆ, ಮಗಳೇ. ತಪ್ಪಿತಸ್ಥೆ ಅಂತ ಒಂದು ಚೂರು ಕಾಗದ ಇದ್ರೂ ನಮ್ಮ ವಿಮೆಯವ್ರು ನಿನ್ನನ್ನ ಡ್ರೈವರ್ ಸೀಟಿಗೆ ಕೂರಿಸಲ್ಲ."

"ಕೋರ್ಟಲ್ಲಿ ಕೇಸು ವಜಾ ಆದ್ರೆ?"

"ವಜಾ ಆದ್ರೆ ನಂಗೇನೂ ಗೊತ್ತೇ ಇಲ್ಲ. ಡಿಸೆಂಬರ್ ಹದಿಮೂರರ ತನಕ ಜಾಗ ಇಟ್ಕೊಂಡಿರ್ತೀನಿ. ಆಮೇಲೆ ನನ್ನ ಕೈಲಿಲ್ಲ."

ಬ್ರಿಜಿಟ್: "ಕಟ್ಟಿ ಬಿಸಾಕೇ. ಎಲ್ರೂ ಕಟ್ತಾರೆ. ನಮ್ಮಪ್ಪ ವರ್ಷಕ್ಕೆ ಎರಡು ಕಟ್ತಾರೆ."

ಕಟ್ಟುವುದಿಲ್ಲ. ಕೋರ್ಟಿಗೆ ಹೋಗುತ್ತೇನೆ.

ಸೆಪ್ಟೆಂಬರ್ 19

ಸೋತೆ.

ಕೋರ್ಟಿನ ವಿಚಾರಣೆ ಒಟ್ಟು ನಾಲ್ಕು ನಿಮಿಷ. ಬಾರ್ಜಿನ ರಸೀದಿ ಕೋಟಿನ ಜೇಬಿನಲ್ಲಿತ್ತು. ಅಲ್ಲೇ ಇದೆ. ಎರಡು ಸಲ "ಹೌದು ಸರ್" ಎಂದದ್ದು ನೆನಪಿದೆ. ಬೇರೇನೂ ನೆನಪಿಲ್ಲ.

ಸೆಪ್ಟೆಂಬರ್ 20

ಮಾವನ ಫೋನು.

"ರಸೀದಿ ತೋರಿಸ್ದ್ಯಾ?"

"ಇಲ್ಲ ಮಾವ."

"ಅವ್ರು ಕೇಳ್ಲಿಲ್ವಾ?"

"ಕೇಳಿದ್ರು ಅನ್ಸುತ್ತೆ. ಆಮೇಲೆ ಬೇರೆ ಏನೋ ಕೇಳಿದ್ರು. ಮುಗಿದೇ ಹೋಯ್ತು."

"ಹೋಗ್ಲಿ ಬಿಡು, ಗಾಡಿ ಕೊಟ್ಟೋನು ನಾನು. ಫೈನ್ ನಾನೇ ಕಟ್ತೀನಿ."

"ಬೇಡ. ಮೇಲ್ಮನವಿ ಹಾಕ್ತೀನಿ."

"ಅದೇನೇ ಅದು, ತಿನ್ನೋದಾ, ಉಡೋದಾ?"

ನಕ್ಕೆ. ನಿನ್ನೆಯಿಂದ ಮೊದಲ ಸಲ.

ಕೋರ್ಟಿನ ಕೌಂಟರಿಗೆ ಹೋದೆ. ಗುಮಾಸ್ತೆ ಅರ್ಜಿ ಕೊಟ್ಟರು. ಮೂವತ್ತು ದಿನದೊಳಗೆ ಹಾಕಬೇಕು. ಮೊದಲ ಪುಟದಲ್ಲೇ ದೊಡ್ಡ ಖಾಲಿ ಚೌಕ: ಮ್ಯಾಜಿಸ್ಟ್ರೇಟರ ತೀರ್ಪಿನಲ್ಲಿ ಏನು ತಪ್ಪು? ಏನು ತಪ್ಪು ಎಂದು ನನಗೇ ಗೊತ್ತಿಲ್ಲ.

"ನನಗೆ ಅನ್ಯಾಯ ಆಯ್ತು ಅಂತ ಮಾತ್ರ ಬರೀಬೇಡಮ್ಮ, ಅದನ್ನ ಎಲ್ರೂ ಬರೀತಾರೆ" ಎಂದರು ಗುಮಾಸ್ತೆ. "ವಿಚಾರಣೆಯ ಧ್ವನಿಮುದ್ರಣ ತರಿಸ್ಕೊ. ಕೂತು ಕೇಳು."

ನನ್ನ ದನಿಯನ್ನು ನಾನೇ ಕೇಳುವುದೇ... ಆದರೂ ತರಿಸಲು ಬರೆದುಕೊಟ್ಟೆ.

ಅಕ್ಟೋಬರ್ 3

ಬಂತು. ಲೈಬ್ರರಿಯ ಮೂಲೆ, ಹೆಡ್‌ಫೋನು. ಮೊದಲ ಸಲ ಅರ್ಧಕ್ಕೇ ನಿಲ್ಲಿಸಿದೆ. ಎರಡನೇ ಸಲ ಪೂರ್ತಿ. ಐದನೇ ಸಲ ಪೆನ್ನು ಹಿಡಿದು ಕುಳಿತೆ. ಮ್ಯಾಜಿಸ್ಟ್ರೇಟ್ ಹಾಲೋರನ್ ಅವರ ದನಿ ಗಟ್ಟಿ, ಕೆಟ್ಟದ್ದಲ್ಲ.

ಅವರು: ಈ ಟ್ರಕ್ ಬಾರ್ಜಿನಿಂದ ಇಳಿದದ್ದು ಯಾವಾಗ?

(ಏನೂ ಇಲ್ಲ.)

ಅವರು: ಇರಲಿ. ಸ್ಟಿಕರ್ 2017ರದು, ಹೌದೇ?

ನಾನು: ಹೌದು ಸರ್.

ಅವರು: ಅಲ್ಲಿಂದ ನೇರ ನೋಂದಣಿಗೆ ಹೊರಟಿದ್ದಿರಾ?

(ಏನೂ ಇಲ್ಲ.)

ಅವರು: ಸರಿ. ಓಡಿಸುತ್ತಿದ್ದವರು ನೀವೇ?

ನಾನು: ಹೌದು ಸರ್.

ಆ "ಏನೂ ಇಲ್ಲ" ಎಂಬ ಜಾಗಗಳಲ್ಲಿ ಸೌಂಡ್ ಪೂರ್ತಿ ಏರಿಸಿದೆ. ಏನೋ ಇದೆ. ಉಸಿರು. ಒಳಗೆ ಎಳೆದುಕೊಂಡ ಉಸಿರು. ನನ್ನದು. ಅದರ ಮೇಲೇ ಅವರ ಮುಂದಿನ ಪ್ರಶ್ನೆ ಬಂದು ಕೂರುತ್ತದೆ.

ಫೋನಿನ ಗಡಿಯಾರದಲ್ಲಿ ಅಳೆದೆ. ಒಮ್ಮೆ ಎರಡು ಸೆಕೆಂಡು. ಒಮ್ಮೆ ಎರಡಕ್ಕೂ ಕಡಿಮೆ.

ನೇರ ಹೊರಟಿದ್ದೆಯಾ ಎಂದರೆ ಏನು ಹೇಳಲಿ? ಏಳು ಮನೆ, ಮೀನು, ಬಿಸಿಲು, ನಾಳೆಯ ಅಪಾಯಿಂಟ್‌ಮೆಂಟು. ಜೋಡಿಸಿಕೊಳ್ಳುತ್ತಿದ್ದೆ. ಊರಲ್ಲಿ ಯಾರಾದರೂ ತೂಕದ ಮಾತು ಕೇಳಿದರೆ ತಟ್ಟನೆ ಉತ್ತರ ಎಸೆಯುವುದಿಲ್ಲ. ಎಸೆದರೆ ಕೇಳಿದವರಿಗೇ ಅವಮಾನ. ಹಾಸ್ಟೆಲಿನಲ್ಲಿ ತಟ್ಟನೆ ಹೇಳಲು ಕಲಿತಿದ್ದು ಒಂದೇ ಮಾತು — ಹೌದು ಮೇಡಂ. ಆವತ್ತು ಬಂದದ್ದೂ ಅದೇ.

ಸಂಜೆ ಮಾವನಿಗೆ ಫೋನ್ ಮಾಡಿ, ನದಿ ಯಾವಾಗ ಹೆಪ್ಪುಗಟ್ಟಬಹುದು ಎಂದು ಕೇಳಿದೆ. ಗಡಿಯಾರ ಒತ್ತಿದೆ. ಒಂಬತ್ತು ಸೆಕೆಂಡು.

"ಈ ಸಲ ತಡ. ...ಅದೇನೋ ಟಿಕ್ ಅಂತಲ್ಲೇ?"

"ಅಳೀತಿದೀನಿ ಮಾವ."

"ಏನನ್ನ?"

"ನಿನ್ನ."

"ಸೊಂಟ ಒಂದು ಬಿಟ್ಟು ಏನ್ ಬೇಕಾದ್ರೂ ಅಳಿ."

ಅಕ್ಟೋಬರ್ 5

ಬ್ರಿಜಿಟ್‌ಗೆ ಕೇಳಿಸಿದೆ. ಕೇಳಿದವಳು ಹೆಡ್‌ಫೋನ್ ತೆಗೆದು ನನ್ನನ್ನೇ ನೋಡಿದಳು.

"ನಂಗೂ ಹೀಗೇ ಮಾಡ್ತೀಯ ನೀನು."

"ಏನ್ ಮಾಡ್ತೀನಿ?"

"ಊಟಕ್ಕೆ ಬರ್ತೀಯಾ ಅಂತ ದಿನಾ ಕೇಳ್ತೀನಿ. ಸುಮ್ನಿರ್ತೀಯ. ಇಷ್ಟ ಇಲ್ಲ ಅಂದ್ಕೊಂಡು ಹೋಗ್ಬಿಡ್ತೀನಿ."

"ನಾನು ಶೂ ಹುಡುಕ್ತಿರ್ತೀನಿ. ಬರ್ತೀನಿ ಅನ್ನೋಷ್ಟರಲ್ಲಿ ನೀನು ಲಿಫ್ಟಲ್ಲಿರ್ತೀಯ."

"ಅಂದ್ರೆ... ಐದು ವಾರದಿಂದ?"

ಐದು ವಾರದಿಂದ ಒಬ್ಬಳೇ ಉಂಡಿದ್ದೇನೆ. ಅವಳಿಗೆ ನಾನು ಬೇಡ ಎಂದುಕೊಂಡಿದ್ದೆ. ಇಬ್ಬರೂ ಹೋಗಿ ಕ್ಯಾಂಟೀನಿನ ರಬ್ಬರಿನಂಥ ಪಿಜ್ಜಾ ತಿಂದೆವು. ಅವಳು ಏನೋ ಕೇಳಿ, ತುಟಿ ಕಚ್ಚಿ ಹಿಡಿದು ಕಾದಳು. ಕಷ್ಟಪಟ್ಟಳು ಪಾಪ. ಮುಖ ಕೆಂಪಾಯಿತು.

ಅಕ್ಟೋಬರ್ 9

ಚೌಕದಲ್ಲಿ ಬರೆದೆ. ಏಳು ಸಲ ಹರಿದು, ಎಂಟನೆಯದು:

"ನನ್ನನ್ನು ಎರಡು ಮುಖ್ಯ ಪ್ರಶ್ನೆ ಕೇಳಲಾಯಿತು. ಉತ್ತರಿಸಲು ಉಸಿರೆಳೆದುಕೊಂಡೆ. ಅಷ್ಟರಲ್ಲಿ ಬೇರೆ ಪ್ರಶ್ನೆ ಬಂತು. ನಾನು ಬಂದ ಊರಿನಲ್ಲಿ ಮೌನ ಎಂದರೆ ಉತ್ತರವಿಲ್ಲ ಎಂದಲ್ಲ, ಉತ್ತರ ಬರುತ್ತಿದೆ ಎಂದು. ಧ್ವನಿಮುದ್ರಣದ 1 ನಿಮಿಷ 12 ಸೆಕೆಂಡು ಮತ್ತು 1 ನಿಮಿಷ 31 ಸೆಕೆಂಡು ದಯವಿಟ್ಟು ಸೌಂಡ್ ಏರಿಸಿ ಕೇಳಿ."

ಗುಮಾಸ್ತೆ ಎರಡು ಸಲ ಓದಿದರು. ಜೋರಾಗಿ ಸೀಲು ಒತ್ತಿದರು.

ನವೆಂಬರ್ 21

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಕಾಯುವುದನ್ನು ಏನು ಬರೆಯಲಿ. ಹೊರಗೆ ಮೈನಸ್ ಇಪ್ಪತ್ತೆರಡು.

ಇಂದು ಪತ್ರ. ಮೇಲಿನ ನ್ಯಾಯಾಧೀಶರದು, ಅರ್ಧ ಪುಟ. "ಅರ್ಜಿದಾರಳಿಗೆ ಉತ್ತರಿಸುವ ಅವಕಾಶ ಸಿಕ್ಕಿತೆಂದು ಧ್ವನಿಮುದ್ರಣದಿಂದ ಹೇಳಲಾಗದು. ತೀರ್ಪು ರದ್ದು. ಅದೇ ಮ್ಯಾಜಿಸ್ಟ್ರೇಟರ ಮುಂದೆ ಮರುವಿಚಾರಣೆ."

ಗೆದ್ದಿಲ್ಲ. ಬಾಗಿಲು ತೆರೆದಿದೆ, ಅಷ್ಟೆ. ಅದೇ ಮನುಷ್ಯ, ಅದೇ ಪ್ರಶ್ನೆ. ನಾನು ಅವರ ಮೇಲೆ ದೂರು ಕೊಟ್ಟವಳು. ಸಿಟ್ಟಾಗಿದ್ದರೆ? ಡಿಸೆಂಬರ್ 9ಕ್ಕೆ. ವರ್ನಾ ಅವರ ಗಡುವಿಗೆ ನಾಲ್ಕು ದಿನ ಮುಂಚೆ.

ಡಿಸೆಂಬರ್ 9, ಬೆಳಿಗ್ಗೆ 10.50, ಕೋರ್ಟಿನ ಹಿಂದಿನ ಬೆಂಚು

ನನ್ನದು ಮುಗಿಯಿತು. ಈಗಲೇ ಬರೆಯಬೇಕು.

ಹಾಲೋರನ್ ಅವರು ಅದೇ ಪ್ರಶ್ನೆ ಕೇಳಿದರು. ಟ್ರಕ್ ಬಾರ್ಜಿನಿಂದ ಇಳಿದದ್ದು ಯಾವಾಗ? ಕೇಳಿ ಪೆನ್ನು ಕೆಳಗಿಟ್ಟರು. ಕೈ ಕಟ್ಟಿಕೊಂಡರು. ನಾನು ಉಸಿರೆಳೆದುಕೊಂಡೆ. ಯಾರೂ ಅದರ ಮೇಲೆ ಬಂದು ಕೂರಲಿಲ್ಲ.

ಎಲ್ಲ ಹೇಳಿದೆ. ರಸೀದಿ ಕೊಟ್ಟೆ. ನೇರ ಹೋಗಲಿಲ್ಲ ಎಂಬುದನ್ನೂ ಹೇಳಿದೆ — ಏಳು ಮನೆ, ಏಳು ಹೆಸರು.

"ಮೀನು ಮರುದಿನದ ತನಕ ತಡೀತಿರಲಿಲ್ವೇ?"

"ಮೀನು ತಡೀತಿತ್ತೇನೋ ಸರ್. ಅಜ್ಜಿಯರು ತಡೀತಿರಲಿಲ್ಲ."

ಅಧಿಕಾರಿ ಕ್ರೇನ್ ಕೈ ಎತ್ತಿದ. "ಸರ್, ನನ್ನ ಟಿಪ್ಪಣಿಲಿ ಇದೆ. 'ಗಾಡಿಯಿಂದ ಮೀನಿನ ವಾಸನೆ, ಬಲವಾಗಿ.' ಆವತ್ತು ಯಾಕೆ ಬರ್ಕೊಂಡೆ ಅಂತ ನಂಗೇ ತಿಳೀಲಿಲ್ಲ."

ಹಾಲೋರನ್ ರಸೀದಿಯ ತಾರೀಖು, ನೋಂದಣಿಯ ತಾರೀಖು ಪಕ್ಕಪಕ್ಕ ಇಟ್ಟು ನೋಡಿದರು. ರಸ್ತೆಗಿಳಿದು ಐದೇ ಗಂಟೆ. ಮರುದಿನ ಬೆಳಿಗ್ಗೆಯೇ ನೋಂದಣಿ. "ವಜಾ" ಎಂದರು. ಸೀಲು ಹಾಕಿದ ಕಾಗದ ಈಗ ಈ ಡೈರಿಯೊಳಗೇ ಇದೆ. ಮಧ್ಯಾಹ್ನ ವರ್ನಾ ಅವರ ಮೇಜಿಗೆ.

"ಮತ್ತೇನಾದ್ರೂ ಹೇಳೋದಿದೆಯಾ?" ಎಂದು ಕೇಳಿದರು. ಫೈಲು ಆಗಲೇ ಮುಚ್ಚಿತ್ತು.

ಇಲ್ಲ ಸರ್ ಎಂದು ಹೊರಟುಬಿಡಬಹುದಿತ್ತು. ಆದರೆ ಬೆಳಿಗ್ಗೆ ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ತಾತ ಕೂತಿದ್ದ. ಆರ್ಥರ್ ಅಂತ ಹೆಸರು. ನಮ್ಮೂರಿಗಿಂತ ಕೆಳಗಿನ ಊರಿನವನು. ಮಗಳ ಮನೆಗೆ ಬಂದಾಗ ಅವಳ ಹಳೆಯ ಹಿಮಗಾಡಿ ಓಡಿಸಿ ನೋಂದಣಿಯಿಲ್ಲವೆಂದು ಸಿಕ್ಕಿಬಿದ್ದಿದ್ದಾನೆ. "ಇವ್ರ ಮಾತು ಬಹಳ ಬಿರುಸಮ್ಮ" ಎಂದಿದ್ದ. "ಕೇಳಿದ್ದಕ್ಕೆಲ್ಲ ಹೂಂ ಅಂದ್ಬಿಡ್ತೀನಿ. ಬೇಗ ಮುಗೀತದೆ."

"ಇದೆ ಸರ್" ಎಂದೆ. ಹಾಲೋರನ್ ಕಾದರು. "ನನ್ನ ನಂತರದವರೂ ನದಿಯ ಕಡೆಯವ್ರು."

ಅಷ್ಟೇ ಹೇಳಲು ಸಾಧ್ಯವಾಯಿತು. ಅವರು ನನ್ನನ್ನು ಒಂದು ಗಳಿಗೆ ನೋಡಿ ಪಟ್ಟಿಯ ಕಡೆ ತಿರುಗಿದರು.

ಹೊರಗೆ ಹೋಗಲಿಲ್ಲ. ಇಲ್ಲಿ ಕೂತೆ.

ಈಗ ತಾತನನ್ನು ಕರೆದಿದ್ದಾರೆ. ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದಿದ್ದಾನೆ. ಹಾಲೋರನ್ ಕೇಳುತ್ತಿದ್ದಾರೆ: ಆ ದಿನ ಏನಾಯಿತು, ನೀವೇ ಹೇಳಿ.

ತಾತ ನೆಲ ನೋಡುತ್ತಿದ್ದಾನೆ.

ಎರಡು ಸೆಕೆಂಡು. ಮೂರು. ಗುಮಾಸ್ತೆ ತಲೆ ಎತ್ತಿದರು. ಐದು. ಹಾಲೋರನ್ ಬಾಯಿ ತೆರೆದರು... ಮುಚ್ಚಿಕೊಂಡರು. ಏಳು. ಪೆನ್ನು ಮೇಜಿನ ಮೇಲೆ. ಎಂಟು. ತಾತನ ಭುಜ ಮೇಲೇರಿತು, ಉಸಿರೆಳೆದ—